ಒದ್ದೆ ಬೂಟಿನೊಳಗಿನ ಒಣ ಪಾದ

"ಬೂಟು ಬಿಚ್ಚಿ, ಮೇಷ್ಟ್ರೇ."

ನರ್ಸಮ್ಮ ಈ ಮಾತು ಹೇಳಿದ್ದು ಮೂರನೆಯ ಸಲ. ಮೊದಲ ಸಲಕ್ಕೆ ಮೇಷ್ಟ್ರು ನಕ್ಕಿದ್ದರು. ಎರಡನೆಯ ಸಲಕ್ಕೆ ಸಕ್ಕರೆ ನೀರಿನ ಲೋಟವನ್ನು ತುಟಿಗಿಟ್ಟುಕೊಂಡು ಕಿವುಡರಂತೆ ಕೂತಿದ್ದರು. ಈಗ ಲೋಟದಲ್ಲಿ ನೀರೂ ಇರಲಿಲ್ಲ, ಮುಖದಲ್ಲಿ ನಗುವೂ ಇರಲಿಲ್ಲ.

"ಮೊದಲು ಅವರಿಬ್ಬರದು ಮುಗಿಸಿ ನರ್ಸಮ್ಮ. ನಂದೇನು ಅವಸರ? ಇಲ್ಲಿಂದ ಯಾರಾದ್ರೂ ಎಲ್ಲಿಗಾದ್ರೂ ಹೋಗೋ ಹಾಗಿದೆಯಾ?"

ಅದೂ ನಿಜವೇ.

ಬೆಟ್ಟದೋಟದ ಓಟಗಾರರನ್ನು ತಡೆದು ನೋಡುವ ಆರನೇ ಚೌಕಿ ಎಂದರೆ ಹಿಂದೊಂದು ಕಾಲದಲ್ಲಿ ಗಾಳಿ ಮಳೆ ಅಳೆಯುವವರಿಗೆಂದು ಬೆಟ್ಟದ ಭುಜದ ಮೇಲೆ ಕಟ್ಟಿದ ಒಂಟಿ ಕೋಣೆ. ಕಾಲು ಚಾಚಿ ನಾಲ್ಕು ಜನ ಮಲಗಿದರೆ ಐದನೆಯವರು ನಿಂತೇ ಇರಬೇಕು. ಇದ್ದ ಒಂದು ಕಿಟಕಿಗೆ ಹೆಬ್ಬೆರಳು ದಪ್ಪದ ಕಂಬಿ. ಇದ್ದ ಒಂದು ಬಾಗಿಲಿಗೆ ಹೊರಗಡೆ ಮಾತ್ರ ಅಗುಳಿ. ಆಮೇಲಾಮೇಲೆ ಅದನ್ನು ಸಾಮಾನು ತುಂಬುವ ಉಗ್ರಾಣ ಮಾಡಿಕೊಂಡಿದ್ದರಂತೆ, ಸಾಮಾನು ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದಿಲ್ಲವಲ್ಲ! ಬಾಗಿಲ ಪಕ್ಕದ ಮೊಳೆಗೆ, ಯಾರಾದರೂ ಜಾರಿ ಬಿದ್ದರೆ ಎತ್ತಲೆಂದು ಕೊಟ್ಟ ಹಗ್ಗದ ಸುರುಳಿ ನೇತಾಡುತ್ತಿತ್ತು.

ಹೊರಗೆ ಮಂಜು. ಬಾಗಿಲು ತೆರೆದರೆ ಹೊಸ್ತಿಲಿಗೆ ಅಂಟಿಸಿ ಯಾರೋ ಬಿಳಿ ಗೋಡೆ ಕಟ್ಟಿ ಹೋದ ಹಾಗಿತ್ತು. ಮಧ್ಯಾಹ್ನ ಮೂರೂಕಾಲು ಎಂದು ಗಡಿಯಾರ ಹೇಳಬೇಕಿತ್ತೇ ಹೊರತು ಬೆಳಕು ಹೇಳುವ ಹಾಗಿರಲಿಲ್ಲ.

"ಮುಂದಿನ ತೂಗುಸೇತುವೆ ಹರಿದಿದೆಯಂತೆ. ಹಿಂದಿನ ಹೊಳೆ ಕುತ್ತಿಗೆ ಮಟ್ಟ ಬಂದಿದೆಯಂತೆ. ಯಾರೂ ಕದಲಬೇಡಿ ಅಂತ ಕೆಳಗಿನಿಂದ ಕಟ್ಟಪ್ಪಣೆ." ವೈರ್‌ಲೆಸ್ ಮಾಮ ಕಿವಿಗೆ ಹಾಕಿಕೊಂಡ ಬೋಗುಣಿಯಂಥ ಹೆಡ್‌ಫೋನನ್ನು ಒಂದು ಕಡೆಗೆ ಸರಿಸಿ ಮತ್ತೊಮ್ಮೆ ಸಾರಿದ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸುಗಳ ಬರವು ಹೋಗು ಕೂಗಿದ್ದ ಗಂಟಲು ಅದು. "ಹುಡುಕೋರು ಹೊರಟಿದ್ದಾರಂತೆ. ನೀವು ಮಾತ್ರ ಇಲ್ಲೇ ಗೂಟ ಹೊಡ್ಕೊಂಡು ಕೂತಿರಿ."

ಹುಡುಕಬೇಕಾಗಿದ್ದದ್ದು ನರ್ಸಮ್ಮನ ತಂಗಿಯ ಮಗಳನ್ನು.

ನೀಳ ಕಾಲಿನ ಆ ಹುಡುಗಿಯನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ನೂರಿಪ್ಪತ್ತು ಕಿಲೋಮೀಟರಿನ ಬೆಟ್ಟದೋಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಹನ್ನೊಂದಕ್ಕೆ ಐದನೇ ಚೌಕಿ ಬಿಟ್ಟವಳು, ಒಂದು ಗಂಟೆಯೊಳಗೆ ಆರನೆಯದಕ್ಕೆ ಬರಬೇಕಿತ್ತು. ಬರಲಿಲ್ಲ. ಮಂಜು ಕವಿದು ಐದನೇ ಚೌಕಿಯನ್ನು ಮುಚ್ಚುವ ಮೊದಲು ಅದನ್ನು ದಾಟಿದ್ದು ನಾಲ್ಕೇ ಜನ. ಅವರಲ್ಲಿ ಮೂವರು ಈಗ ಈ ಕೋಣೆಯಲ್ಲಿದ್ದರು.

ಒಂದೂವರೆಗೆ ನರ್ಸಮ್ಮ ಹೊರಗೆ ಹೋಗಿ, ದಾರಿಯ ತುದಿಯಲ್ಲಿ ನಿಂತು, ಗಂಟಲು ಹರಿಯುವ ಹಾಗೆ ಕೂಗಿ ಬಂದಿದ್ದಳು. ಮಂಜು ಅವಳ ಕೂಗನ್ನು ಹತ್ತಿಯ ಹಾಗೆ ನುಂಗಿತ್ತು. ಒಳಗೆ ಬಂದಾಗ ಮಾಮ, "ತಿಳಿಸಿಬಿಟ್ಟೆ ಅಕ್ಕ, ಧೈರ್ಯವಾಗಿರು," ಎಂದಿದ್ದ. ಅದಾದ ಮೇಲೆ ಬ್ಯಾಟರಿ ಉಳಿಸಬೇಕೆಂದು ಅವನು ಬರಿದೇ ಕೇಳಿಸಿಕೊಳ್ಳುತ್ತಿದ್ದ. ಸ್ಪೀಕರ್ ಹಾಕಿದರೂ ಬ್ಯಾಟರಿ ತಿನ್ನುತ್ತದಂತೆ.

ಓಡುವಷ್ಟು ಹೊತ್ತು ಓಟಗಾರರ ಮೈ ಉರಿಯುವ ಒಲೆ. ನಿಂತರೆ ಮುಗಿಯಿತು. ಬೆವರೇ ಮಂಜುಗಡ್ಡೆಯಾಗಿ ಮೈಗೆ ಅಂಟುತ್ತದೆ. ಕೊಕ್ಕರೆಯ ಮೈಮೇಲೆ ಇದ್ದದ್ದು ಈರುಳ್ಳಿ ಸಿಪ್ಪೆಯಂಥ ಒಂದು ಜಾಕೆಟ್ಟು. ಆರೂಕಾಲಿಗೆ ಕತ್ತಲು. ಅಷ್ಟರಲ್ಲಿ ಸಿಕ್ಕಿದರೆ ಮಗು ಸಿಕ್ಕಿತು. ನರ್ಸಮ್ಮನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದಕ್ಕೇ ಅವಳು ತನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಕೈ ಹಾಕಿದಳು. ಪಾದ ನೋಡುವುದು.

ಆರನೇ ಚೌಕಿಯ ಕಟ್ಟಳೆಯೇ ಅದು. ಯಾವ ಶೂರನೇ ಬರಲಿ, ಇಲ್ಲಿ ಬೂಟು ಬಿಚ್ಚಬೇಕು, ಪಾದ ತೋರಿಸಬೇಕು. ಎದೆಯ ಮೇಲಿನ ನಂಬರಿನ ಬಟ್ಟೆಗೆ ನರ್ಸಮ್ಮನ ಕೆಂಪು ಗುರುತು ಬೀಳದೆ ಏಳನೇ ಚೌಕಿಯವರು ಒಳಗೆ ಬಿಡುವುದಿಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದ ಕೈ ಅವಳದು. ಮುಖ ಮರೆತರೂ ಪಾದ ಮರೆಯುವವಳಲ್ಲ.

ಮೊದಲು ಹಲ್ಲಿನ ಡಾಕ್ಟ್ರು ಕಾಲು ನೀಡಿದರು.

"ನಾನು 'ಬಾಯಿ ತೆಗೀರಿ' ಅಂದಾಗ ಜನಕ್ಕೆ ಹೀಗೇ ಆಗುತ್ತೇನೋ ನರ್ಸಮ್ಮ. ಕೈಕಾಲು ತಣ್ಣಗಾಗ್ತಿದೆ."

"ಮಾತಾಡ್ಬೇಡಿ. ಬೆರಳು ಬಿಡಿಸಿ."

ಪಾದ ಬೆಳ್ಳಗೆ ಬಿಳಿಚಿಕೊಂಡು, ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆದ ಬಟ್ಟೆಯ ಹಾಗೆ ಸುಕ್ಕುಗಟ್ಟಿತ್ತು. ಐದನೆಯ ಚೌಕಿಗೂ ಆರನೆಯದಕ್ಕೂ ನಡುವೆ ದಾರಿ ಹೊಳೆಗೆ ಇಳಿಯುತ್ತದೆ. ಮುಕ್ಕಾಲು ಗಂಟೆ ಹೊಳೆಯೊಳಗೇ ನಡೆಯಬೇಕು, ಬೇರೆ ದಾರಿಯಿಲ್ಲ. ಉಗುರಿನ ಬುಡದಲ್ಲಿ ಆ ಹೊಳೆಯದೇ ಕರೀ ಕೆಸರು, ಕಾಡಿಗೆಯ ಹಾಗೆ ಕೂತಿತ್ತು.

"ಒಂದು ಮಾತು ಕೇಳ್ಬೇಕು ಅಂತಿದ್ದೆ," ಎಂದು ಡಾಕ್ಟ್ರು ಮೇಷ್ಟ್ರ ಕಡೆ ತಿರುಗಿದರು. ಅವರ ಧ್ವನಿಯಲ್ಲಿ ಕಪಟವೇನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಹವಾಮಾನ ಮಾತಾಡುವ ಅಭ್ಯಾಸವಷ್ಟೇ. "ಐದನೇ ಚೌಕೀನ ನೀವು ನನಗಿಂತ ಅರ್ಧ ಗಂಟೆ ಮುಂಚೆ ಬಿಟ್ರಿ. ಇಲ್ಲಿಗೆ ನನಗಿಂತ ಇಪ್ಪತ್ತು ನಿಮಿಷ ತಡವಾಗಿ ಬಂದ್ರಿ. ಹಾಗಾದ್ರೆ ನಾನು ನಿಮ್ಮನ್ನ ಎಲ್ಲಿ ದಾಟಿದೆ?"

"ಹೊಟ್ಟೆ ಕೆಟ್ಟಿತ್ತು. ಪೊದೆ ಹಿಂದೆ ಕೂತಿದ್ದೆ."

"ಅಯ್ಯೋ, ಮೊದಲೇ ಹೇಳ್ಬಾರದಾ?" ಮೂಲೆಯಲ್ಲಿ ಕಂಬಳಿ ಸುತ್ತಿ ಕೂತಿದ್ದ ಬೇಕರಿಯಮ್ಮ ನಕ್ಕಳು. "ನನ್ನ ಚೀಲದಲ್ಲಿ ಒಣ ರಸ್ಕಿತ್ತು. ಹೊಟ್ಟೆ ಹಿಡಿಯೋದಕ್ಕೆ ಅದಕ್ಕಿಂತ ಬೇರೆ ಮದ್ದಿಲ್ಲ."

ಬೇಕರಿಯಮ್ಮ ಎಲ್ಲರಿಗಿಂತ ಹಿಂದೆ ಬಂದವಳು. ಇಪ್ಪತ್ತು ವರ್ಷ ಬೆಳಗಿನ ಜಾವ ಎದ್ದು ಹಿಟ್ಟು ನಾದಿ, "ಹೇಗೂ ಎದ್ದಿರ್ತೀನಿ, ಓಡಿದ್ರೇನು ಗಂಟು ಹೋಗುತ್ತೆ" ಎಂದು ನಲವತ್ತೈದನೆಯ ವಯಸ್ಸಿಗೆ ಓಟಕ್ಕಿಳಿದಿದ್ದಳು. ಕಾಲು ನೀಡಿದವಳೇ, "ಹಿಟ್ಟು ಅಂತ ನಾದಿಬಿಟ್ಟೀರ, ನರ್ಸಕ್ಕ," ಎಂದಳು.

ಅವಳ ಪಾದಕ್ಕೆ ಜಿಡ್ಡು ಬಳಿದಿತ್ತು. ನೀರಿನಲ್ಲಿ ಚರ್ಮ ನೆನೆಯದಿರಲೆಂದು ಓಟಗಾರರು ಮಾಡುವ ಉಪಾಯ ಅದು. ಸುಕ್ಕು ಕಡಿಮೆಯಿತ್ತು. ಆದರೆ ಜಿಡ್ಡಿನ ತುಂಬ ಹೊಳೆಯ ಕರೀ ಕೆಸರು, ಎಣ್ಣೆ ಸವರಿದ ತಟ್ಟೆಗೆ ಹಿಟ್ಟು ಅಂಟಿದ ಹಾಗೆ ಅಂಟಿತ್ತು.

"ಹೊಳೆ ಎಷ್ಟಿತ್ತಮ್ಮ?" ಎಂದು ನರ್ಸಮ್ಮ ತಲೆಯೆತ್ತದೆ ಕೇಳಿದಳು.

"ಮೊಣಕಾಲು. ಕೆಲವು ಕಡೆ ಅದೂ ಇಲ್ಲ."

"ಹೊಳೆಗೆ ಮುನಿಸು ಬರೋದಕ್ಕೆ ಎಷ್ಟು ಹೊತ್ತು ಬೇಕು?" ಎಂದ ವೈರ್‌ಲೆಸ್ ಮಾಮ, ಯಾರೂ ಅವನನ್ನು ಕೇಳಿರದಿದ್ದರೂ. "ನೀನು ದಾಟಿದ್ಮೇಲೆ ಏರಿರ್ಬೇಕು ತಾಯಿ."

ನರ್ಸಮ್ಮ ಇಬ್ಬರ ಎದೆಗೂ ಕೆಂಪು ಗುರುತು ಹಾಕಿದಳು. ಆಮೇಲೆ ಬೋಗುಣಿಯನ್ನು ಎಳೆದುಕೊಂಡು ಮೇಷ್ಟ್ರ ಮುಂದೆ ಕೂತಳು.

"ಈಗ ನಿಮ್ಮ ಸರದಿ."

"ನನ್ನ ಕಾಲಿಗೇನೂ ಆಗಿಲ್ಲ."

"ಆಗಿಲ್ಲ ಅಂತ ನಾನು ಹೇಳ್ಬೇಕು."

ಡ್ರಿಲ್ ಮೇಷ್ಟ್ರು ಎಂದರೆ ಸಾಮಾನ್ಯರಲ್ಲ. ಮೂವತ್ತು ವರ್ಷ ಶಾಲೆಯ ಬಯಲಿನಲ್ಲಿ ಸೀಟಿ ಊದಿ, ಈಗ ಬೆಟ್ಟದೋಟಕ್ಕೆ ಮಕ್ಕಳನ್ನು ತಯಾರು ಮಾಡುವ ಗುರು. ಕೊಕ್ಕರೆಯನ್ನು ತಯಾರು ಮಾಡಿದವರೂ ಅವರೇ. ನಾಲ್ಕು ವರ್ಷ ಅವಳನ್ನು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಬೆನ್ನಿಗೆ ಮರಳು ಚೀಲ ಕಟ್ಟಿ ಹತ್ತಿಸಿ ಇಳಿಸಿದ್ದರು. ಕೆಳಗೆ ಗಡಿಯಾರ ಹಿಡಿದು ನಿಲ್ಲುತ್ತಿದ್ದವಳು ನರ್ಸಮ್ಮ. "ಇವತ್ತು ಹತ್ತು ಸುತ್ತು ಮುಗೀತು ಸರ್" ಎಂದು ಯಾರಾದರೂ ಎಂಟೇ ಸುತ್ತಿಗೆ ಬುರುಡೆ ಬಿಟ್ಟರೆ ಮೇಷ್ಟ್ರು ಮಂಡಿ ನೋಡಿಯೇ ಹಿಡಿಯುತ್ತಿದ್ದರು. ಅವರ ಒಂದು ಮಾತು ಆ ಮಕ್ಕಳಿಗೆಲ್ಲ ಬಾಯಿಪಾಠ: "ಬಾಯಿ ಸುಳ್ಳು ಹೇಳಬಹುದು, ಕಾಲು ಹೇಳಲ್ಲ."

ನರ್ಸಮ್ಮ ತಾನೇ ಬೂಟಿನ ದಾರ ಬಿಚ್ಚಿದಳು. ಮೇಷ್ಟ್ರು ಒಮ್ಮೆ ಕಾಲೆಳೆದುಕೊಂಡರು. ಎಲ್ಲರೂ ನೋಡುತ್ತಿದ್ದರೆಂದು ಮತ್ತೆ ನೀಡಿದರು.

ಬೂಟು ತೊಪ್ಪೆಯಾಗಿತ್ತು. ಬಗ್ಗಿಸಿದರೆ ನೀರು ಸುರಿಯಿತು. ಕಾಲುಚೀಲ ಹಿಂಡಿದರೆ ಮತ್ತಷ್ಟು ನೀರು.

ಆ ನೀರು ಬೋಗುಣಿಯಲ್ಲಿ ನಿಂತಿತು. ತಿಳಿಯಾಗಿ, ಕುಡಿಯಬಹುದೇನೋ ಎನ್ನುವ ಹಾಗೆ. ನರ್ಸಮ್ಮ ಅದನ್ನೇ ಒಂದು ಗಳಿಗೆ ನೋಡಿದಳು.

ಪಾದ ತೊಡೆಯ ಮೇಲಿಟ್ಟುಕೊಂಡಳು. ಅಂಗಾಲು ಗಟ್ಟಿಯಾಗಿ, ಕೆಂಪಗೆ, ಹೊಲದಲ್ಲಿ ನಡೆದುಬಂದವರ ಪಾದದ ಹಾಗಿತ್ತು. ಒಂದು ಸುಕ್ಕಿಲ್ಲ. ಬೆರಳ ಸಂದಿಗೆ ಹತ್ತಿಯ ಉಂಡೆ ತೂರಿಸಿ ಒರೆಸಿದಳು. ಹತ್ತಿ ಬೆಳ್ಳಗೇ ಹೊರಬಂತು.

"ಜಿಡ್ಡು ಬಳ್ಕೊಂಡಿದ್ದೆ," ಎಂದರು ಮೇಷ್ಟ್ರು, ಕೇಳದೆಯೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಇನ್ನೂ ಕಳ್ಳ ಎಂದೇ ಅಂದಿರಲಿಲ್ಲ.

"ಜಿಡ್ಡಿದ್ರೆ ಹತ್ತಿಗೆ ಹತ್ತಬೇಕಿತ್ತು. ಕೆಸರಾದ್ರೂ ಹತ್ತಬೇಕಿತ್ತು. ಬೇಕರಿಯಮ್ಮನ ಕಾಲು ನೋಡಿದ್ರಲ್ಲ." ನರ್ಸಮ್ಮ ಧ್ವನಿ ಏರಿಸಲಿಲ್ಲ. ಜ್ವರ ಎಷ್ಟಿದೆ ಎಂದು ಹೇಳುವಾಗಿನ ಧ್ವನಿ ಅದು. "ಬೂಟು ಒದ್ದೆ. ಪಾದದ ಚರ್ಮ ನೆನೆದೇ ಇಲ್ಲ. ಒಳಗೆ ಬರೋ ಮುಂಚೆ ನಿಮ್ಮ ಬಾಟ್ಲಿ ನೀರನ್ನ ಬೂಟಿಗೆ ನೀವೇ ಸುರ್ಕೊಂಡಿದ್ದೀರಿ. ಹೊಳೆಗೆ ನೀವು ಇಳಿದೇ ಇಲ್ಲ."

ಡಾಕ್ಟ್ರು ತಿನ್ನುತ್ತಿದ್ದ ಬೇಯಿಸಿದ ಆಲೂಗಡ್ಡೆ ಬಾಯಿಯ ಹತ್ತಿರವೇ ನಿಂತಿತು.

"ಏನಮ್ಮ ನೀವು ಹೇಳೋದು?" ಮೇಷ್ಟ್ರು ಎದ್ದು ನಿಲ್ಲಲು ಹೋದರು. "ನಾನು ಕಳ್ಳದಾರಿ ಹಿಡಿದೆ ಅಂತಲಾ? ಈ ವಯಸ್ಸಿಗೆ? ನನ್ನ ಶಿಷ್ಯೆ ಕಾಣ್ತಿಲ್ಲ ಅಂತ ನನ್ನ ಹೊಟ್ಟೆ ಉರೀತಿದೆ, ನೀವು ಇಲ್ಲಿ ನೆರಿಗೆ ಎಣಿಸ್ತಾ ಕೂತಿದ್ದೀರಾ?"

"ಕೂತ್ಕೊಳ್ಳಿ. ಇನ್ನೊಂದು ಕಾಲಿದೆ."

ಆ ಇನ್ನೊಂದು ಕಾಲಿನ ಹಿಮ್ಮಡಿಯಲ್ಲಿತ್ತು ನೋಡಿ.

ಬೊಬ್ಬೆಯ ಮೇಲೆ ಒಂದು ತುಂಡು ಟೇಪು. ಹೊಸದು, ಅಂಚಿನ್ನೂ ಕೊಳೆಯಾಗಿಲ್ಲ. ನಾಲ್ಕು ಮೂಲೆಯೂ ಕತ್ತರಿಯಿಂದ ದುಂಡಗೆ ಕತ್ತರಿಸಿತ್ತು. ಒಂದು ತುದಿಯನ್ನು ಅಕ್ಕಿಕಾಳಿನಷ್ಟು ಒಳಕ್ಕೆ ಮಡಿಚಿತ್ತು.

ನರ್ಸಮ್ಮನ ಕೈ ನಿಂತುಹೋಯಿತು.

ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಏಳುತ್ತದೆ, ದುಂಡು ಮೂಲೆ ಏಳುವುದಿಲ್ಲ. ತುದಿ ಮಡಿಚಿದರೆ ಬಿಚ್ಚುವಾಗ ಚರ್ಮ ಕಿತ್ತು ಬರುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ. ಆಸ್ಪತ್ರೆಯಲ್ಲಿ ಸುಟ್ಟ ಗಾಯದವರ ಗೋಳು ನೋಡಲಾರದೆ ನರ್ಸಮ್ಮ ತಾನೇ ಕಂಡುಕೊಂಡ ಪದ್ಧತಿ. ಕಲಿಸಿದ್ದು ಒಬ್ಬಳಿಗೇ. ಊಟದ ಮೇಜಿನ ಮೇಲೆ ತನ್ನ ಹಿಮ್ಮಡಿಯನ್ನೇ ಇಟ್ಟು ಕಲಿಸಿದ್ದಳು. "ದೊಡ್ಡಮ್ಮ, ಒಂದು ಟೇಪಿಗೆ ಇಷ್ಟೊಂದು ಶೃಂಗಾರವಾ?" ಎಂದು ಕೊಕ್ಕರೆ ರೇಗಿಸಿದ್ದಳು. "ಬಿಚ್ಚೋರಿಗೆ ನೋವಾಗಬಾರದು ಕಣೇ," ಎಂದಿದ್ದಳು ನರ್ಸಮ್ಮ. ಅಂದಿನಿಂದ ಆ ಹುಡುಗಿ ತುದಿಗೆ ಟೋಪಿ ಹಾಕಿದ ಪುಟ್ಟ ಕತ್ತರಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡುತ್ತಿದ್ದಳು.

"ಈ ಟೇಪು ಯಾರು ಹಾಕಿದ್ದು?"

"ನಾನೇ."

"ನೀವು ಟೇಪನ್ನ ಹಲ್ಲಲ್ಲಿ ಕಚ್ಚಿ ಹರಿಯೋರು. ನಾಲ್ಕು ವರ್ಷ ಕಣ್ಣಾರೆ ನೋಡಿದ್ದೀನಿ."

"ನರ್ಸಮ್ಮ..."

"ಐದನೇ ಚೌಕಿ ಬಿಟ್ಮೇಲೆ ಅವಳನ್ನ ನೋಡೇ ಇಲ್ಲ ಅಂದ್ರಿ. ಎರಡು ಸಲ ಕೇಳಿದೆ, ಎರಡು ಸಲಾನೂ ಅದನ್ನೇ ಅಂದ್ರಿ." ಅವಳ ಕೈ ಪಾದವನ್ನು ಹಿಡಿದೇ ಇತ್ತು. "ಬಾಯಿ ಸುಳ್ಳು ಹೇಳಬಹುದು. ಮುಂದಿಂದು ನೀವೇ ಹೇಳಿ, ಮೇಷ್ಟ್ರೇ. ನಿಮ್ಮದೇ ಮಾತು."

ಮೇಷ್ಟ್ರ ಕಣ್ಣು ಬಾಗಿಲ ಕಡೆ ಓಡಿತು, ಕಿಟಕಿಯ ಕಂಬಿಯ ಕಡೆ ಓಡಿತು, ಮತ್ತೆ ತನ್ನ ಪಾದಕ್ಕೇ ಬಂತು. ಬೋನಿಗೆ ಬಿದ್ದ ಇಲಿ ಮೊದಲು ಮೂರು ಮೂಲೆಗೂ ಓಡುತ್ತದೆ. ನಾಲ್ಕನೆಯದರಲ್ಲಿ ಮುದುರಿ ಕೂರುತ್ತದೆ.

"ಕತ್ತೆದಾರಿಲಿ ಬಂದೆ," ಎಂದರು.

ಕತ್ತೆದಾರಿ ಎಂದರೆ ಹಿಂದೆ ಸುಣ್ಣದ ಕಲ್ಲು ಹೊರುತ್ತಿದ್ದ ಕತ್ತೆಗಳ ಹಳೆಯ ಕಾಲುದಾರಿ. ಹೊಳೆಗೆ ಇಳಿಯುವ ಮೊದಲು ಬರುವ ಕವಲಿನಲ್ಲಿ ಬೇರೆಯಾಗಿ, ಬೆಟ್ಟದ ನೆತ್ತಿ ಸವರಿಕೊಂಡು ಬರುತ್ತದೆ. ಹೊಳೆಯ ದಾರಿಗಿಂತ ಅರ್ಧಕ್ಕರ್ಧ ಹತ್ತಿರ. ಓಟಗಾರರಿಗೆ ಮಾತ್ರ ನಿಷಿದ್ಧ.

ಮೂಲೆಯಲ್ಲಿ ಕುರ್ಚಿ ಕಿರುಗುಟ್ಟಿತು. ವೈರ್‌ಲೆಸ್ ಮಾಮ ಹೆಡ್‌ಫೋನ್ ಮೇಜಿನ ಮೇಲಿಟ್ಟು ಎದ್ದ. "ಏರಿಯಲ್ ಅಲುಗಿದ ಹಾಗಿದೆ, ಬರೀ ಗೊರಗೊರ ಅಂತಿದೆ. ನೋಡ್ಕೊಂಡು ಬರ್ತೀನಿ," ಎಂದು ಕಾಲರ್ ಏರಿಸಿಕೊಂಡು ಹೊರಗೆ ಹೋದ. ತಣ್ಣನೆಯ ಗಾಳಿಯೊಂದು ಒಳಗೆ ನುಗ್ಗಿತು, ಬಾಗಿಲು ಮುಚ್ಚಿಕೊಂಡಿತು. ಅವನ ಕಡೆ ಯಾರೂ ನೋಡಲಿಲ್ಲ.

"ಮೋಸ ಮಾಡಬೇಕು ಅಂತ ಹೊರಟಿರಲಿಲ್ಲ ನರ್ಸಮ್ಮ. ಕವಲಿನಲ್ಲಿ ರಿಬ್ಬನ್ನುಗಳನ್ನ ಕತ್ತೆದಾರಿ ಕಡೆಗೇ ಕಟ್ಟಿತ್ತು."

ಬೆಟ್ಟದೋಟದಲ್ಲಿ ರಿಬ್ಬನ್ನೇ ದೇವರು. ಗಿಡಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ಆ ತುಂಡು ಬಟ್ಟೆ ಯಾವ ಕಡೆ ಕಂಡರೆ ಆ ಕಡೆ ಓಡುವುದು.

"ತಪ್ಪು ದಾರಿ ಅಂತ ನಿಮಗೆ ಗೊತ್ತಾಗಲಿಲ್ವಾ? ಈ ಬೆಟ್ಟ ನಿಮಗೆ ಅಂಗೈ ಗೆರೆ."

"ಗೊತ್ತಾಯ್ತು." ಮೇಷ್ಟ್ರು ಮುಖ ಎತ್ತಲಿಲ್ಲ. "ಗೊತ್ತಾಗಿಯೂ ಹೋದೆ. ಹಿಮ್ಮಡಿ ಸುಲಿದಿತ್ತು. ಹೋದ ವರ್ಷ ಮುಗಿಸೋಕಾಗಲಿಲ್ಲ, ಅದರ ಹಿಂದಿನ ವರ್ಷಾನೂ ಆಗಲಿಲ್ಲ. ಇದೊಂದು ಸಲ ರಿಬ್ಬನ್ ಅಲ್ಲಿತ್ತು, ನಾನೇನು ಮಾಡ್ಲಿ ಅಂತ ಹೇಳ್ಬಹುದು ಅನ್ಕೊಂಡೆ. ಅರ್ಧ ದಾರಿಲಿ ಅವಳು ಎದುರಿಗೆ ಬಂದ್ಲು."

"ಎದುರಿಗಾ?"

"ವಾಪಸ್ ಬರ್ತಿದ್ಲು. ಕೈ ತುಂಬ ರಿಬ್ಬನ್ನು. ಗಿಡಗಿಡದಿಂದ ಬಿಚ್ಕೊಂಡು ಬಂದಿದ್ಲು. 'ಸರ್, ಯಾರೋ ದಾರಿ ತಿರುಗಿಸಿದ್ದಾರೆ. ಹಿಂದೆ ಬರೋರು ಮಂಜಿನಲ್ಲಿ ಈ ಕಡೆ ಬಂದ್ರೆ ಪ್ರಪಾತಕ್ಕೆ ಬೀಳ್ತಾರೆ. ನಾನು ಕವಲಿಗೆ ಹೋಗಿ ಸರಿಯಾಗಿ ಕಟ್ಟಿ ಬರ್ತೀನಿ' ಅಂದ್ಲು. 'ನಿನ್ನ ಮೊದಲನೇ ಸ್ಥಾನ ಹೋಗುತ್ತೆ ಮಗು' ಅಂದೆ. ನಕ್ಕುಬಿಟ್ಲು. ನಾನು ಕುಂಟೋದು ನೋಡಿ ಕೂರಿಸಿ ಟೇಪು ಹಾಕಿದ್ಲು. 'ನೀವು ವಾಪಸ್ ಬರ್ತೀರಲ್ವಾ ಸರ್?' ಅಂತ ಕೇಳಿದ್ಲು."

"ನೀವು ಏನಂದ್ರಿ?"

ಮೇಷ್ಟ್ರು ಒದ್ದೆ ಕಾಲುಚೀಲವನ್ನು ಎತ್ತಿಕೊಂಡು ಮತ್ತೊಮ್ಮೆ ಹಿಂಡಿದರು.

"'ನೀನು ಮುಂದೆ ನಡಿ, ಬಂದೆ' ಅಂದೆ."

ಸೆರಗಿಲ್ಲದ್ದಕ್ಕೆ ಬೇಕರಿಯಮ್ಮ ಬಾಯಿಗೆ ಕಂಬಳಿಯನ್ನೇ ಒತ್ತಿಕೊಂಡಳು. ಡಾಕ್ಟ್ರು ಗೋಡೆಯ ಕಡೆ ತಿರುಗಿದರು.

"ಆಮೇಲೆ ಎರಡು ದಾರಿ ಕೂಡೋ ಕಡೆ ಬಂಡೆ ಹಿಂದೆ ಕೂತೆ. ಬೇಗ ಬಂದ್ರೆ ಸಿಕ್ಕಿಬೀಳ್ತೀನಲ್ಲ. ಡಾಕ್ಟ್ರು ಮುಂದೆ ಹೋಗ್ಲಿ ಅಂತ ಕಾದೆ. ಅವಳು ಬಂದಿರ್ತಾಳೆ, ನಾನು ಬರೋ ಹೊತ್ತಿಗೆ ಇಲ್ಲಿ ಕೂತು ನನ್ನ ಮುಖಕ್ಕೆ ಉಗೀತಾಳೆ ಅಂತಲೇ ಬಂದೆ ನರ್ಸಮ್ಮ. ಆಣೆ ಮಾಡ್ತೀನಿ. ಬಂದು ನೋಡಿದ್ರೆ ಅವಳಿಲ್ಲ. ಹೇಳಿದ್ರೆ ಮಾನ ಹೋಗುತ್ತೆ, ಹೇಳದಿದ್ರೆ... ಬಾಯಿಗೇ ಬರಲಿಲ್ಲ."

ಮಾನ! ಇಷ್ಟು ಹೊತ್ತು ಈ ಮನುಷ್ಯ ತನ್ನ ಮಾನವನ್ನು ಒದ್ದೆ ಬೂಟಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದ. ಹುಡುಕುವವರು ಹೊಳೆಯಲ್ಲೇ ಹುಡುಕಲಿ ಎಂದು ಬಿಟ್ಟು ತೆಪ್ಪಗಿದ್ದ. ಹುತ್ತದ ಮೇಲೆ ಎಷ್ಟು ಬಡಿದರೇನು, ಹಾವಿರುವುದು ಬೇರೆ ಕಡೆ. ನರ್ಸಮ್ಮನಿಗೆ ಆ ಕಾಲನ್ನು ತಿರುಚಿಬಿಡಬೇಕೆನ್ನಿಸಿತು. ತಿರುಚಲಿಲ್ಲ. ಟೇಪಿನ ಮಡಿಚಿದ ತುದಿಯ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಸವರಿದಳು, ಅಷ್ಟೇ.

"ಬೇಕರಿಯಮ್ಮ, ಕವಲಿನಲ್ಲಿ ರಿಬ್ಬನ್ ಹೇಗಿತ್ತು ನೀವು ಬಂದಾಗ?"

"ಹೊಳೆ ಕಡೆಗೇ ಇತ್ತಕ್ಕ. ಗಂಟು ಮಾತ್ರ ಬೇರೆ ಥರ. ಚಪ್ಪಟೆಯಾಗಿ, ತುದಿ ಒಳಗೆ ಸಿಕ್ಕಿಸಿ, ಕೈಗೆ ಪಟ್ಟಿ ಕಟ್ಟಿದ ಹಾಗೆ. ಚೆನ್ನಾಗಿದೆಯಲ್ಲ ಅನ್ಕೊಂಡೆ. ಕೊನೇದು ಒಂದು ಮಾತ್ರ..." ಅವಳು ಸೊಂಟದ ಚೀಲಕ್ಕೆ ಕೈ ಹಾಕಿದಳು. "ಗಿಡಕ್ಕೆ ಅರ್ಧ ಸುತ್ತಿ ಬಿಟ್ಟಿತ್ತು, ನೆಲಕ್ಕೆ ಬಿದ್ದಿತ್ತು. ಎತ್ಕೊಂಡು ಬಂದೆ."

ಕಿತ್ತಳೆ ಬಣ್ಣದ ರಿಬ್ಬನ್ನು ನರ್ಸಮ್ಮನ ಅಂಗೈಗೆ ಬಂತು. ಅದರ ಅರ್ಧದವರೆಗೆ ಮಡಿಕೆಯ ಗುರುತಿತ್ತು. ಮಿಕ್ಕರ್ಧ ನುಣ್ಣಗಿತ್ತು. ಕಟ್ಟುತ್ತಿದ್ದ ಕೈ ನಡುವೆಯೇ ನಿಂತಿತ್ತು.

ಅಂದರೆ ಹೊಳೆಯೂ ಅಲ್ಲ, ಕತ್ತೆದಾರಿಯೂ ಅಲ್ಲ. ಕವಲು. ಹುಡುಕಬೇಕಾದದ್ದು ಕವಲಿನಲ್ಲಿ. ಇಲ್ಲಿಂದ ಕತ್ತೆದಾರಿಯಲ್ಲಿ ಹೋದರೆ ಗಟ್ಟಿ ಕಾಲಿನವರಿಗೆ ಅರ್ಧ ಗಂಟೆ.

"ಅವಳು ಒಬ್ಬಳೇ ಇದ್ಲಾ ಮೇಷ್ಟ್ರೇ? ಸರಿಯಾಗಿ ನೆನೆಸ್ಕೊಳ್ಳಿ."

"ಒಬ್ಬಳೇ. ಇಲ್ಲ, ತಡೀರಿ." ಮೇಷ್ಟ್ರು ಹಣೆ ಒತ್ತಿಕೊಂಡರು. "ನಾನು ತಿರುಗಿ ನೋಡಿದೆ. ಮಂಜು ಒಂದು ಗಳಿಗೆ ಸರಿದಿತ್ತು. ಅವಳ ಹಿಂದೆ ಇನ್ನೊಬ್ಬರು ಬಂಡೆಗಳ ಕಡೆಯಿಂದ ಬಂದು ಕವಲಿನ ಕಡೆ ಇಳೀತಿದ್ರು. ಚೌಕಿಯೋರು ಯಾರೋ ಸಹಾಯಕ್ಕೆ ಬಂದಿದ್ದಾರೆ ಅಂತ ನನಗೆ ಸಮಾಧಾನ ಆಯ್ತು. ಅದಕ್ಕೇ ನಾನು ಹೋಗಲಿಲ್ಲ."

"ಚೌಕಿಯೋರು ಅಂತ ಹೇಗೆ ಗೊತ್ತಾಯ್ತು?"

"ಜಾಕೆಟ್ಟು. ನೀಲಿ ಜಾಕೆಟ್ಟು."

ಒಂದೊಂದು ಚೌಕಿಗೆ ಒಂದೊಂದು ಬಣ್ಣ. ಐದನೆಯದು ಹಳದಿ, ಏಳನೆಯದು ಹಸಿರು. ನೀಲಿ ಆರನೆಯದು. ಆರನೇ ಚೌಕಿಗೆ ಕೊಟ್ಟದ್ದು ಎರಡೇ ಜಾಕೆಟ್ಟು. ಒಂದು ನರ್ಸಮ್ಮನ ಮೈಮೇಲಿತ್ತು.

ಹನ್ನೊಂದೂವರೆಗೆ ನೀರು ತರುತ್ತೇನೆಂದು ಕ್ಯಾನು ಹಿಡಿದು ಹೋದ ವೈರ್‌ಲೆಸ್ ಮಾಮ ಒಂದೂಕಾಲಿಗೆ ಬಂದಿದ್ದ. ಕ್ಯಾನು ಖಾಲಿಯಿತ್ತು. "ಒರತೆ ಬತ್ತಿದೆ ಅಕ್ಕ," ಎಂದಿದ್ದ. ಇಷ್ಟು ಮಂಜು ಸುರಿಯುವ ಬೆಟ್ಟದಲ್ಲಿ ಒರತೆ ಹೇಗೆ ಬತ್ತಿತು ಎಂದು ಅವಳು ಕೇಳಿರಲಿಲ್ಲ. ಆಗ ಅವಳ ಮನಸ್ಸೆಲ್ಲ ದಾರಿಯ ಮೇಲಿತ್ತು.

ಸೇತುವೆ ಹರಿದಿದೆ ಎಂದು ಹೇಳಿದವರು ಯಾರು? ಮಾಮ. ಹೊಳೆ ಏರಿದೆ ಎಂದವರು? ಮಾಮ. ಕದಲಬೇಡಿ ಎಂದವರು? ಕೆಳಗಿನವರ ಧ್ವನಿಯನ್ನು ಈ ಕೋಣೆಯಲ್ಲಿ ಬೇರೆ ಯಾರಾದರೂ ಒಂದು ಸಲವಾದರೂ ಕೇಳಿದ್ದರೇ?

ನರ್ಸಮ್ಮ ಎದ್ದಳು. ತೊಡೆಯ ಮೇಲಿದ್ದ ಮೇಷ್ಟ್ರ ಕಾಲು ಧೊಪ್ಪೆಂದು ನೆಲಕ್ಕೆ ಬಿತ್ತು. ಎರಡೇ ಹೆಜ್ಜೆಗೆ ಮೇಜು. ಹೆಡ್‌ಫೋನ್ ಎತ್ತಿ ಕಿವಿಗೆ ಹಾಕಿಕೊಂಡಳು.

ಗೊರಗೊರ ಎನ್ನುವ ಸದ್ದೇನೂ ಇರಲಿಲ್ಲ. ಒಬ್ಬ ಹೆಂಗಸಿನ ಧ್ವನಿ, ಪಕ್ಕದ ಮನೆಯವರು ಗೋಡೆಯಾಚೆ ಮಾತಾಡಿದಷ್ಟು ಸ್ಪಷ್ಟವಾಗಿತ್ತು.

"...ಆರನೇ ಚೌಕಿ, ಆರನೇ ಚೌಕಿ. ಒಂದೂವರೆಯಿಂದ ಕರೀತಿದ್ದೀವಿ, ಉತ್ತರ ಇಲ್ಲ. ನಲವತ್ತೊಂದನೇ ನಂಬರಿನ ಹುಡುಗಿ ನಿಮ್ಮಲ್ಲೇ ಹುಷಾರಾಗಿ ಮಲಗಿದ್ದಾಳೆ ಅಂದ್ರಲ್ಲ, ಅವರ ತಾಯಿ ಒಂದು ಮಾತು ಕೇಳ್ಬೇಕು ಅಂತ ಕಾಯ್ತಿದ್ದಾರೆ. ಸೇತುವೆ ಕಾಯೋರು ಚಳಿ ತಡೀಲಾರದೆ ಕೇಳ್ತಿದ್ದಾರೆ, ಅವರನ್ನ ಕೆಳಗಿಳಿಸಬಹುದಾ?"

ನಲವತ್ತೊಂದು ಕೊಕ್ಕರೆಯ ನಂಬರು.

ಯಾರೂ ಹುಡುಕುತ್ತಿರಲಿಲ್ಲ. ಹುಡುಕಲು ಯಾರೂ ಹೊರಟೇ ಇರಲಿಲ್ಲ. ಕೆಳಗೆ ಎಲ್ಲೋ ಅವಳ ತಂಗಿ, ಮಗಳು ಅಕ್ಕನ ಪಕ್ಕದಲ್ಲಿ ಬೆಚ್ಚಗೆ ಮಲಗಿದ್ದಾಳೆಂದು ನಂಬಿ ಕೂತಿದ್ದಳು.

"ಇಲ್ಲ! ಇಲ್ಲಿಲ್ಲ ಅವಳು!" ನರ್ಸಮ್ಮ ಕೂಗಿ ಮೈಕಿಗೆ ಕೈ ಚಾಚಿದಳು. ಮೇಜಿನ ಮೇಲೆ ಮೈಕು ಇರಲಿಲ್ಲ. ಪೆಟ್ಟಿಗೆಯಲ್ಲಿ ಅದನ್ನು ಸಿಕ್ಕಿಸುವ ತೂತು ಬಾಯಿ ಬಿಟ್ಟುಕೊಂಡಿತ್ತು. ಏರಿಯಲ್ ನೋಡಲು ಹೋದವನು ಜೇಬಿಗಿಳಿಸಿಕೊಂಡು ಹೋಗಿದ್ದ.

"ಡಾಕ್ಟ್ರೇ, ಬಾಗಿಲು! ಬಾಗಿಲು ತೆಗೀರಿ!"

ಡಾಕ್ಟ್ರು ಕೈಯಲ್ಲಿದ್ದ ಆಲೂಗಡ್ಡೆ ಬಿಸಾಕಿ ಬರಿಗಾಲಲ್ಲಿ ಎದ್ದರು. ಅವರ ಕೈ ಬಾಗಿಲಿಗೆ ತಾಗುವ ಮೊದಲೇ ಹೊರಗೆ ಕಬ್ಬಿಣ ಕಬ್ಬಿಣಕ್ಕೆ ತಾಗಿತು. ಅಗುಳಿ ನಿಧಾನವಾಗಿ, ಅವಸರವೇ ಇಲ್ಲದ ಹಾಗೆ, ಕೊನೆಯವರೆಗೂ ಸರಿದು ಕೂತಿತು.

ಭುಜ ಕೊಟ್ಟು ಡಿಕ್ಕಿ ಹೊಡೆದರು. ಮೇಷ್ಟ್ರೂ ಎದ್ದು ಕುಂಟುತ್ತ ಬಂದು ಜೊತೆಗೆ ಭುಜ ಕೊಟ್ಟರು. ಕಲ್ಲಿನ ಗೋಡೆಗೆ ಹೊಡೆದ ಹಾಗಿತ್ತು.

"ಮಾಮ! ಏ ಮಾಮ!" ಬೇಕರಿಯಮ್ಮ ಕಿಟಕಿಯ ಕಂಬಿಗೆ ಮುಖ ಒತ್ತಿದ್ದಳು. "ಮಂಜು ಸ್ವಲ್ಪ ಸರಿದಿದೆ, ಹೋಗ್ತಿದ್ದಾನೆ ಅಕ್ಕ. ತಿರುಗೀನೂ ನೋಡ್ತಿಲ್ಲ."

"ಸೇತುವೆ ಕಡೆಗಾ?"

"ಇಲ್ಲ. ಮೇಲಕ್ಕೆ. ಕತ್ತೆದಾರಿ ಕಡೆಗೆ. ಹೆಗಲ ಮೇಲೆ ಏನೋ ಇದೆ, ದುಂಡಗೆ..."

ನರ್ಸಮ್ಮ ಬಾಗಿಲ ಪಕ್ಕದ ಗೋಡೆಯನ್ನು ನೋಡಿದಳು. ಮೊಳೆ ಬರಿದಾಗಿತ್ತು. ಹಗ್ಗದ ಸುರುಳಿ ಇರಲಿಲ್ಲ.

ಆ ಹಗ್ಗ ಕೊಕ್ಕರೆಯನ್ನು ಎತ್ತುವುದಕ್ಕೋ, ಇಲ್ಲ ರಿಬ್ಬನ್ ತಿರುಗಿಸಿದ್ದು ಯಾರೆಂದು ಅವಳು ಹೇಳದ ಹಾಗೆ ಮಾಡುವುದಕ್ಕೋ...

ಕಿವಿಯಲ್ಲಿ ಆ ಹೆಂಗಸಿನ ಧ್ವನಿ ಇನ್ನೂ ಮಾತಾಡುತ್ತಲೇ ಇತ್ತು, ಈಗ ಸ್ವಲ್ಪ ಆಕಳಿಸುತ್ತ. "ಸರಿ, ಆರನೇ ಚೌಕಿ. ನಿಮ್ಮ ಬ್ಯಾಟರಿ ಮುಗಿದಿರಬೇಕು ಅಂತ ತಿಳ್ಕೊಳ್ತೀವಿ. ಹುಡುಗಿ ನಿಮ್ಮ ಹತ್ರ ಇದ್ದಾಳಲ್ಲ, ನಮಗೆ ಚಿಂತೆ ಇಲ್ಲ. ಸೇತುವೆಯೋರನ್ನ ಇಳಿಸ್ತಿದ್ದೀವಿ. ಮಂಜು ತಿಳಿಯಾದ್ಮೇಲೆ, ನಾಳೆ ಬೆಳಿಗ್ಗೆ, ಜನ ಕಳಿಸ್ತೀವಿ. ಅಲ್ಲೀವರೆಗೂ ಯಾರೂ ಹೊರಗೆ ಬರಬೇಡಿ."

ಟಕ್ಕೆಂದು ಒಂದು ಸದ್ದು. ಆಮೇಲೆ ಕಿವಿಯಲ್ಲಿ ಏನೂ ಇರಲಿಲ್ಲ.

ಕೈಯಲ್ಲಿ ಅರ್ಧ ಮಡಿಚಿದ ರಿಬ್ಬನ್ನು. ಗಡಿಯಾರದಲ್ಲಿ ಮೂರೂ ಐವತ್ತು.